ಕೆಂದಿಯ ಹೊಟ್ಟೆಗೆ ಒಕ್ಕಲು ಬಂದ ಚೂರುಮಂದಿ

ಲೋಕ ಆಗಿನ್ನೂ ಹೊಸದು. ಈಗಷ್ಟೇ ಸಾರಿಸಿದ ಅಂಗಳದ ಹಾಗೆ ನೆಲವೆಲ್ಲ ಒದ್ದೆಯಾಗಿತ್ತು. ಕಾಲಿಟ್ಟರೆ ಗುರುತು ಮೂಡುತ್ತಿತ್ತು. ಯಾವ ಗುಡ್ಡ ಎಲ್ಲಿ ಕೂರಬೇಕು ಅಂತ ಇನ್ನೂ ತೀರ್ಮಾನವಾಗಿರಲಿಲ್ಲ. ಹೊಳೆಗಳು ದಿನಕ್ಕೊಂದು ದಾರಿ ಹಿಡಿದು, ಸಂಜೆಗೆ ‘ಇದು ಸರಿಯಿಲ್ಲ’ ಅಂತ ವಾಪಸ್ ಬರುತ್ತಿದ್ದವು.

ಆ ಕಾಲದಲ್ಲಿ ಹಸು ಮೆಲುಕು ಹಾಕುತ್ತಿರಲಿಲ್ಲ. ನಗಬೇಡ ಮಗಾ, ನಿಜವಾಗಿ ಹೇಳುತ್ತಿದ್ದೇನೆ. ಎಲ್ಲರ ಹಾಗೆ ಅದೂ ತಿಂದದ್ದನ್ನು ಒಂದೇ ಸಲಕ್ಕೆ ನುಂಗಿ, ಮೂತಿ ನೆಕ್ಕಿಕೊಂಡು ಹೋಗುತ್ತಿತ್ತು. ಮೆಲುಕು ಅನ್ನುವುದು ಆಮೇಲೆ ಬಂದದ್ದು. ಬಂದದ್ದು ಚೂರವ್ವನಿಂದ.

ಚೂರವ್ವ ಯಾರು ಅಂದರೆ, ಚೂರುಮಂದಿಯ ಯಜಮಾನಿ. ಚೂರುಮಂದಿ ಯಾರು ಅಂದರೆ, ಹುಲ್ಲುಗಾವಲಿನ ನಡುವೆ ಇದ್ದ ಒಂದು ಕುಂಟೆಯ ತಳದಲ್ಲಿ, ಕಪ್ಪು ಕೆಸರಿನಲ್ಲಿ ಬದುಕುತ್ತಿದ್ದ ಜನ. ಕುಂಟೆ ಗೊತ್ತಲ್ಲ, ಕೆರೆಯ ಮರಿ. ಚೂರುಮಂದಿ ಎಷ್ಟು ಚಿಕ್ಕವರು ಅಂತೀಯ? ಒಂದು ಸಾಸಿವೆ ಕಾಳಿನ ಮೇಲೆ ಅವರ ಹತ್ತು ಊರು ಕಟ್ಟಬಹುದು, ಊರಿಗೂ ಊರಿಗೂ ನಡುವೆ ಓಡಾಡಲು ದಾರಿ ಬಿಟ್ಟು. ಕಣ್ಣಿಲ್ಲ, ಕಿವಿಯಿಲ್ಲ, ಕೈಕಾಲಿಲ್ಲ, ಒಂದು ಹಲ್ಲೂ ಇಲ್ಲ. ಆದರೂ ಮಾತಿಗೇನೂ ಬರವಿರಲಿಲ್ಲ.

ಅವರಿಗೊಂದು ವಿದ್ಯೆ ಗೊತ್ತಿತ್ತು. ಹುಲ್ಲು ಬಿಡಿಸುವ ವಿದ್ಯೆ. ಹುಲ್ಲು ನೋಡಲು ಬಡಪಾಯಿ, ಒಳಗೆ ಬಲು ಜಿಪುಣ. ತನ್ನ ಸಿಹಿಯನ್ನೆಲ್ಲ ನಾರಿನೊಳಗೆ ಗಂಟು ಹಾಕಿ ಬಚ್ಚಿಟ್ಟಿರುತ್ತದೆ. ಹುಲಿಯ ಹಲ್ಲಿಗೂ ಆ ಗಂಟು ಬಿಚ್ಚುವುದಿಲ್ಲ. ಚೂರುಮಂದಿ ಮಾತ್ರ ಒಂದೊಂದು ಎಸಳಿಗೂ ಸಾವಿರ ಜನ ಅಂಟಿಕೊಂಡು, ಎಳೆ ಎಳೆಯಾಗಿ ಬಿಡಿಸಿ ಸಿಹಿ ತೆಗೆಯುತ್ತಿದ್ದರು. ಯಾರಾದರೂ ಬಂದು ಕಷ್ಟ ಸುಖ ತೋಡಿಕೊಂಡರೆ ಚೂರವ್ವನದು ಒಂದೇ ಮಾತು: “ಮೊದಲು ಹುಲ್ಲು ಕೊಡು, ಆಮೇಲೆ ಮಾತಾಡು.”

ಅವರಿಗೆ ಒಂದೇ ಒಂದು ಭಯ. ಗಾಳಿ. ಗಾಳಿ ಪಾಪ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಆದರೆ ಅವನು ಒಂದು ಸಲ ಮೈ ಸವರಿದರೆ ಸಾಕು, ಚೂರುಮಂದಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಅವರು ಕೆಸರಿನ ಅಡಿಗೆ, ಅವನು ಇಳಿಯಲಾಗದ ಜಾಗಕ್ಕೆ ಸೇರಿಕೊಂಡಿದ್ದರು.

ಇನ್ನೊಂದು ವಿಷಯ ಹೇಳಬೇಕು. ಚೂರುಮಂದಿಯಲ್ಲಿ ಬಸಿರು ಬಾಣಂತನ ಅಂತ ಇಲ್ಲ. ಹೊಟ್ಟೆ ತುಂಬಿತು ಅಂದರೆ ನಡು ಸಣ್ಣಗಾಗುತ್ತಾ ಬಂದು ಒಬ್ಬಳು ಇಬ್ಬರಾಗುತ್ತಾಳೆ. ಅಷ್ಟೇ. ಒಂದು ದಿನ ಚೂರವ್ವ ಹೀಗೆ ಇಬ್ಬರಾದಳು. ಇನ್ನೊಬ್ಬಳಿಗೆ ಪೂರವ್ವ ಅಂತ ಹೆಸರಾಯಿತು. ಅವತ್ತಿನಿಂದ ಜಗಳ ಶುರು.

“ನಾನು ದೊಡ್ಡವಳು. ನೀನು ನನ್ನಿಂದ ಒಡೆದು ಬಂದವಳು,” ಅಂತ ಚೂರವ್ವ.

“ಹೋಗೇ, ನನ್ನಿಂದ ಒಡೆದು ಆ ಕಡೆ ಹೋದವಳು ನೀನು,” ಅಂತ ಪೂರವ್ವ.

ಯಾರು ನ್ಯಾಯ ಹೇಳಬೇಕು? ಇಬ್ಬರೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ದನಿ, ಒಂದೇ ಹಟ. ಒಬ್ಬಳು ಇನ್ನೊಬ್ಬಳನ್ನು ಅಕ್ಕಾ ಅಂತ ಕರೆದಿದ್ದರೆ ಮುಗಿದುಹೋಗುತ್ತಿತ್ತು. ಕರೆಯಲು ಇಬ್ಬರೂ ತಯಾರಿಲ್ಲ.

ಹೀಗಿರುವಾಗ ಲೋಕಕ್ಕೆ ಮೊದಲನೆಯ ಬೇಸಿಗೆ ಬಂತು. ಬೇಸಿಗೆ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ಬಂತು, ಹೋಗಲಿಲ್ಲ. ಒದ್ದೆ ನೆಲ ಆರಿತು, ಹುಲ್ಲು ಹಳದಿಯಾಯಿತು.

ಕುಂಟೆ ಚೂರವ್ವನನ್ನು ಕರೆದು ಹೇಳಿತು: “ನನ್ನ ಕೈಲಿ ಇನ್ನು ಆಗಲ್ಲ ಕಣವ್ವಾ. ಮೊನ್ನೆ ಆನೆಯ ಮೊಣಕಾಲು ಮುಳುಗ್ತಿತ್ತು, ಇವತ್ತು ಕೊಕ್ಕರೆಯ ಪಾದ ಮುಳುಗಲ್ಲ. ಇನ್ನೆಂಟು ದಿನಕ್ಕೆ ನನ್ನ ಕೆಸರು ಬಿರುಕು ಬಿಡುತ್ತೆ. ಬಿರುಕಿನೊಳಗೆ ಗಾಳಿ ಇಳೀತಾನೆ. ನಿನ್ನ ಮಂದಿಯನ್ನ ಕರಕೊಂಡು ಎಲ್ಲಿಗಾದರೂ ಹೋಗು.”

ಚೂರವ್ವನಿಗೆ ಎದೆ ಒಡೆದ ಹಾಗಾಯಿತು. ಎದೆ ಇರಲಿಲ್ಲ ಅನ್ನು, ಆದರೂ ಆಯಿತು. ಅಷ್ಟೂ ಮಂದಿ ಅವಳ ಮುಖ ನೋಡಿ ಬದುಕಿದವರು. ಅವರಿಗೆ ಒಂದು ಮನೆ ಸಿಗದಿದ್ದರೆ ಎಂಟನೆಯ ದಿನ ಒಬ್ಬರೂ ಉಳಿಯುವುದಿಲ್ಲ. ಹೆದರಿದ್ದನ್ನು ಅವಳು ಯಾರಿಗೂ ತೋರಿಸಲಿಲ್ಲ.

“ಕತ್ತಲಿರಬೇಕು, ಬೆಚ್ಚಗಿರಬೇಕು, ಒದ್ದೆಯಿರಬೇಕು, ಗಾಳಿ ಕಾಲಿಡಬಾರದು,” ಅಂದಳು. “ದಿನಾ ಹುಲ್ಲು ಬರ್ತಿರಬೇಕು. ಅಂಥ ಮನೆ ಎಲ್ಲಿದೆ ಹೇಳು.”

ಕುಂಟೆ ಯೋಚಿಸಿತು. “ನೆಲದ ಮೇಲೆ ಎಲ್ಲೂ ಇಲ್ಲ. ಯಾರದಾದರೂ ಹೊಟ್ಟೆಯೊಳಗೆ ಇರಬಹುದು. ನೀರು ಕುಡಿಯೋಕೆ ಬರೋರನ್ನೇ ಕೇಳಿ ನೋಡು.”

ಚೂರವ್ವ ಕೇಳಿದಳು. ಮೊದಲು ಹುಲಿ ಬಂತು.

“ನಿನ್ನ ಹೊಟ್ಟೇಲಿ ನಮಗೆ ಜಾಗ ಕೊಡ್ತೀಯಾ?”

“ಕೊಡಬಹುದು. ಊಟಕ್ಕೆ ಏನು ಬೇಕು?”

“ಹುಲ್ಲು.”

ಹುಲಿ ನಕ್ಕು ನಕ್ಕು ಮೂಗಿಗೆ ನೀರು ಏರಿಸಿಕೊಂಡಿತು. ಕೆಮ್ಮುತ್ತಾ ಹೊರಟುಹೋಯಿತು.

ಆಮೇಲೆ ಕೊಕ್ಕರೆ ಬಂತು. “ನನ್ನ ಹೊಟ್ಟೇಲಿ ಮೀನಿಗೇ ಜಾಗ ಸಾಲದು, ನಿನ್ನ ಸಂಸಾರ ಎಲ್ಲಿ ಇಟ್ಟುಕೊಳ್ಳಲಿ?” ಅಂತ ಒಂದು ಕಾಲು ಮಡಚಿ ನಿಂತುಬಿಟ್ಟಿತು. ಅದೂ ಆಗಲಿಲ್ಲ.

ಏಳನೆಯ ದಿನ ಕೆಂದಿ ಬಂದಳು.

ಕೆಂದಿ ಅಂದರೆ ಕೆಂಪು ಹಸು. ಅವಳ ಹಿಂದೆ ಬೊಟ್ಟಿ ಅನ್ನುವ ಹೆಣ್ಣುಕರು, ಹಣೆಯ ಮೇಲೆ ಒಂದು ಬಿಳಿ ಬೊಟ್ಟು. ಇಬ್ಬರ ಹಿಂದೆ ಮಾಳವ್ವ. ಆ ಹುಲ್ಲುಗಾವಲಿಗೆ ಬಂದು ಗುಡಿಸಲು ಕಟ್ಟಿದ ಮೊದಲ ಹೆಂಗಸು ಅವಳು. ಮಡಿ, ಮೈಲಿಗೆ, ಎಂಜಲು ಅಂದರೆ ತುಂಬ ಕಟ್ಟುನಿಟ್ಟು. ಮನಸ್ಸು ಮಾತ್ರ ಬೆಣ್ಣೆ. ಅವಳಿಗಿದ್ದದ್ದು ಈ ಒಂದೇ ಹಸು.

ಕೆಂದಿಯ ಪಕ್ಕೆಲುಬು ಎಣಿಸಬಹುದಾಗಿತ್ತು. ಬೊಟ್ಟಿ ಕೆಚ್ಚಲಿಗೆ ಬಾಯಿ ಹಾಕಿ ಗುದ್ದುತ್ತಿತ್ತು, ಬರಿ ಬಾಯಿ ಬಿಟ್ಟು ಅಳುತ್ತಿತ್ತು.

“ಏನವ್ವ, ಹುಲ್ಲುಗಾವಲಲ್ಲೇ ಇದ್ದೀಯ, ಹೀಗ್ಯಾಕೆ ಬಡಕಲಾದೆ?” ಅಂತ ಚೂರವ್ವ ಕೆಸರಿನಿಂದ ಕೇಳಿದಳು.

ಕೆಂದಿ ನೀರು ಕುಡಿಯುವುದು ಬಿಟ್ಟು ಹುಡುಕಿದಳು. ಯಾರೂ ಕಾಣಲಿಲ್ಲ. ಆದರೂ ಕೇಳಿದವರಿಗೆ ಉತ್ತರ ಕೊಡಬೇಕಲ್ಲ. “ಬೆಳಿಗ್ಗೆಯಿಂದ ಸಂಜೆ ತನಕ ಮೇಯ್ತೀನಿ,” ಅಂದಳು. “ಹುಲ್ಲು ಹೋದ ಹಾಗೇ ಆಚೆ ಬರುತ್ತೆ, ಮೈಗೆ ಹತ್ತಲ್ಲ. ಮೈಗೆ ಹತ್ತದೆ ಹಾಲು ಎಲ್ಲಿಂದ ಬರಬೇಕು? ಇನ್ನು ನಾಲ್ಕು ದಿನ ಹೀಗೇ ಆದರೆ ಈ ಕೂಸು ಉಳಿಯಲ್ಲ.”

ಹುಲ್ಲು ಅನ್ನುವ ಮಾತು ಕೇಳಿದ್ದೇ ಚೂರವ್ವನಿಗೆ ಜೀವ ಬಂತು. “ಅಯ್ಯೋ ಮಹರಾಯಿತಿ, ಹುಲ್ಲು ಬಿಡಿಸೋದು ನಮಗೆ ಬಿಡು. ನಿನ್ನ ಹೊಟ್ಟೇಲಿ ನಮಗೆ ಮನೆ ಕೊಡು. ನೀನು ಹುಲ್ಲು ಹಾಕು, ನಾವು ಬಿಡಿಸಿ ಸಾರ ತೆಗೀತೀವಿ. ನಮಗೆ ಬೇಕಾದ್ದು ನಾವು ಉಣ್ತೀವಿ, ಮಿಕ್ಕಿದ್ದೆಲ್ಲ ನಿಂದು. ಆದರೆ ಒಂದು. ನಮಗೆ ಹಲ್ಲಿಲ್ಲ. ಹುಲ್ಲನ್ನ ನುಣ್ಣಗೆ ಅರೆದು ಕೊಡಬೇಕು.”

“ಅದು ಆಗಲ್ಲ,” ಅಂದಳು ಕೆಂದಿ. “ಬಯಲಲ್ಲಿ ಹುಲಿ ಓಡಾಡುತ್ತೆ. ನಿಂತು ಅರೀತಾ ಕೂತರೆ ನಾನೇ ಅದರ ಬಾಯಿಗೆ ಹೋಗ್ತೀನಿ. ಗಬಗಬ ನುಂಗಿ ಓಡಿ ಬರೋದು ನಮ್ಮ ಪದ್ಧತಿ.”

“ನುಂಗು, ಯಾರು ಬೇಡ ಅಂದರು? ನುಂಗಿ ನೆರಳಿಗೆ ಬಾ. ಕಾಲು ಮಡಚಿ ಮಲಗು. ನಾವು ಒಂದೊಂದೇ ಉಂಡೆ ಮೇಲಕ್ಕೆ ಕಳಿಸ್ತೀವಿ, ನೀನು ನಿಧಾನಕ್ಕೆ ಅರೆದು ಕೆಳಕ್ಕೆ ಬಿಡು.”

“ನುಂಗಿದ್ದನ್ನ ಮತ್ತೆ ಬಾಯಿಗಾ? ಥೂ,” ಅಂದಳು ಕೆಂದಿ.

ಬೊಟ್ಟಿ ಮತ್ತೆ ಕೆಚ್ಚಲು ಗುದ್ದಿ ಅತ್ತಿತು. ಕೆಂದಿ ಅದರ ಕಡೆ ಒಂದು ಸಲ ನೋಡಿದಳು. ಮೂತಿಯನ್ನು ಕುಂಟೆಯ ತಳಕ್ಕೆ ಇಳಿಸಿ, ಗಾಳಿ ಸೋಕದ ಹಾಗೆ ತುಟಿ ಬಿಗಿ ಹಿಡಿದು, ಕಪ್ಪು ಕೆಸರನ್ನು ಒಂದೇ ಗುಟುಕಿಗೆ ಎಳೆದುಕೊಂಡಳು.

“ಲೇ ಕೆಂದಿ, ಕೆಸರು ಕುಡೀತೀಯಲ್ಲೇ, ಬುದ್ಧಿ ನೆಟ್ಟಗಿದೆಯಾ?” ಅಂತ ಮಾಳವ್ವ ಗದರಿಸಿದಳು.

“ಹೊಟ್ಟೆಗೆ ಒಕ್ಕಲು ಬಂದರು ಕಣವ್ವಾ,” ಅಂದಳು ಕೆಂದಿ.

“ಯಾರು? ನನಗೆ ಯಾರೂ ಕಾಣ್ತಿಲ್ಲ.”

“ನನಗೂ ಕಾಣ್ತಿಲ್ಲ.”

ಮಾಳವ್ವ ತಲೆ ಚಚ್ಚಿಕೊಂಡಳು. ಹಸಿವಿಗೆ ಹಸುವಿನ ತಲೆ ಕೆಟ್ಟಿದೆ ಅಂದುಕೊಂಡಳು.

ಹೊಟ್ಟೆಯೊಳಗೆ ಇಳಿದ ಚೂರವ್ವ ಮೊದಲು ನಾಲ್ಕೂ ಕಡೆ ಸುತ್ತಿ ಬಂದಳು. ಕತ್ತಲಿತ್ತು. ಬೆಚ್ಚಗಿತ್ತು. ಒದ್ದೆಯಿತ್ತು. ಗೋಡೆಗಳು ಮಡಿಕೆ ಮಡಿಕೆಯಾಗಿ, ಸಾವಿರ ಸಂಸಾರ ಕೂರುವಷ್ಟು ಮೂಲೆಗಳಿದ್ದವು. ನೋಡನೋಡುತ್ತಿದ್ದಂತೆ ಮೇಲಿನಿಂದ ಹುಲ್ಲು ಬಿತ್ತು, ಒಂದು ಗುಡ್ಡದಷ್ಟು. “ಮನೆ ಅಂದರೆ ಇದು,” ಅಂದಳು ಚೂರವ್ವ. ಇಷ್ಟು ದಿನ ಯಾರಿಗೂ ತೋರಿಸದ ಹೆದರಿಕೆ ಅವತ್ತು ಅವಳನ್ನು ಬಿಟ್ಟು ಹೋಯಿತು.

ಕೆಂದಿ ಮಾತು ತಪ್ಪಲಿಲ್ಲ. ಮೇದು ಬಂದು ನೆರಳಲ್ಲಿ ಕಾಲು ಮಡಚಿ ಮಲಗಿದಳು. ಕೆಳಗಿನಿಂದ ಉಂಡೆ ಬಂತು. ಮೊದಲನೆಯ ಉಂಡೆಗೆ ಮುಖ ಸಿಂಡರಿಸಿದಳು. ಎರಡನೆಯದಕ್ಕೆ ಪರವಾಗಿಲ್ಲ ಅನ್ನಿಸಿತು. ಹತ್ತನೆಯದಕ್ಕೆ ಕಣ್ಣು ಅರೆ ಮುಚ್ಚಿಬಿಟ್ಟಳು, ಅಷ್ಟು ಹಿತವಾಗಿತ್ತು.

ಒಳಗೆ ಆಗುತ್ತಿದ್ದ ಕೆಲಸ ನೋಡಬೇಕಿತ್ತು ನೀನು. ಚೂರವ್ವನ ಮಂದಿ ಎಳೆ ಬಿಡಿಸುವವರು. ಅವರು ಬಿಡಿಸಿ ಬಿಟ್ಟದ್ದನ್ನು ಇನ್ನೊಂದು ಪಂಗಡದವರು ಹೀರಿ ಸಾರ ಮಾಡುವವರು. ಆ ಅಡುಗೆಯಲ್ಲಿ ಏಳುವ ಹೊಗೆಯನ್ನು ಮೇಲಕ್ಕೆ ಕಳಿಸುವವರು ಬೇರೆ. ಕೆಂದಿ ಆಗಾಗ ತೇಗುತ್ತಿದ್ದದ್ದು ಆ ಹೊಗೆ. ಕೆಸರಿನ ಜೊತೆಗೇ ಬಂದ, ಮೈತುಂಬ ಕೂದಲಿದ್ದ ಕೆಲವು ದೊಡ್ಡಪ್ಪಂದಿರೂ ಇದ್ದರು. ಚೂರುಮಂದಿಗಿಂತ ನೂರು ಪಾಲು ದಪ್ಪ. ಕೂದಲು ಬೀಸಿಕೊಂಡು ಈಜಾಡುತ್ತಾ, ಕೈಗೆ ಸಿಕ್ಕಿದವರನ್ನು ನುಂಗಿಬಿಡುತ್ತಿದ್ದರು. ಚೂರವ್ವ ಅವರನ್ನು ಬೈಯುತ್ತಿದ್ದಳು, ಅವರು ಕೇಳುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಹುಳಿಯವರು ಅಂತ ನಾಲ್ಕು ಮನೆ ಇದ್ದವು. ಅವರಿಗೆ ಹುಲ್ಲು ಸೇರುತ್ತಿರಲಿಲ್ಲ, ಸಿಹಿ ಸಿಕ್ಕರೆ ಮಾತ್ರ ಉಣ್ಣುವವರು, ಉಂಡರೆ ಹುಳಿ ಕಾರುವವರು. ಸಿಹಿ ಅಷ್ಟಾಗಿ ಸಿಗದೆ ತೆಪ್ಪಗೆ ಬಿದ್ದಿದ್ದರು.

ತಿಂಗಳು ಕಳೆಯುವುದರೊಳಗೆ ಕೆಂದಿಯ ಪಕ್ಕೆ ತುಂಬಿತು, ಕೆಚ್ಚಲು ತುಂಬಿತು. ಬೊಟ್ಟಿ ಕುಡಿದು ಮಿಕ್ಕಿ ಮಾಳವ್ವನ ಗಡಿಗೆಯೂ ತುಂಬಿತು.

ಹೊಟ್ಟೆ ತುಂಬಿದ ಮನೆಯಲ್ಲೇ ಜಗಳಕ್ಕೆ ಪುರುಸೊತ್ತು ನೋಡು. ಚೂರವ್ವ, ಪೂರವ್ವ ಮತ್ತೆ ಶುರು ಮಾಡಿದರು.

“ಈ ಮನೆ ಹುಡುಕಿದವಳು ನಾನು. ಇನ್ನಾದರೂ ಅಕ್ಕಾ ಅನ್ನು,” ಅಂದಳು ಚೂರವ್ವ.

“ಸಾಯೋ ತನಕ ಅನ್ನಲ್ಲ,” ಅಂದಳು ಪೂರವ್ವ. “ನಿನ್ನ ಮನೇಲಿ ನೀನೇ ಇರು.” ತನ್ನ ಕಡೆಯವರನ್ನು ಕಟ್ಟಿಕೊಂಡು, ಮೇಲೆ ಹೋಗುವ ಒಂದು ಉಂಡೆ ಹತ್ತಿ ಹೊರಟೇಬಿಟ್ಟಳು.

ಉಂಡೆ ಕೆಂದಿಯ ಬಾಯಿಗೆ ಬಂತು. ಅಲ್ಲಿಂದ ಅವರೆಲ್ಲ ನಾಲಗೆಯ ಜೊಲ್ಲಿನಲ್ಲಿ ಅವಿತು ಕೂತರು. ಆ ಹೊತ್ತಿಗೆ ಬೊಟ್ಟಿ ಪಕ್ಕದಲ್ಲಿ ಬಂದು ನಿಂತಿತು. ಕೆಂದಿ ಮಗಳ ಮೂತಿಯನ್ನು ಒಮ್ಮೆ ಚೆನ್ನಾಗಿ ನೆಕ್ಕಿದಳು. ಬೊಟ್ಟಿ ಬಾಯಿ ಚಪ್ಪರಿಸಿತು. ಪೂರವ್ವನ ಮಂದಿ ಕರುವಿನ ಹೊಟ್ಟೆ ಸೇರಿದರು.

“ಎಲ್ಲಿಗೆ ಹೋದಳು ಅವಳು?” ಅಂತ ಚೂರವ್ವ ಕೇಳಿದಾಗ ಕೆಂದಿ, “ಬೊಟ್ಟಿ ಹತ್ತಿರ ಇದ್ದಾಳೆ ಬಿಡು,” ಅಂದಳು.

“ಇರಲಿ. ಅಲ್ಲೇ ಇರಲಿ,” ಅಂದಳು ಚೂರವ್ವ. ಅಂದಳೇ ಹೊರತು, ಆಮೇಲೆ ಎಷ್ಟೋ ಹೊತ್ತು ಹುಲ್ಲು ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಮಳೆ ಬಂತು. ಮಾಳವ್ವ ನವಣೆ ಬಿತ್ತಿದಳು. ಪೈರು ಬಂತು, ತೆನೆ ಬಂತು. ಅವಳ ಜೀವಮಾನದ ಮೊದಲನೆಯ ಸುಗ್ಗಿ. ಬೆಳಿಗ್ಗೆ ಎದ್ದು ಮಿಂದು, ಹೊಸ ನವಣೆ ಅಕ್ಕಿಗೆ ಬೆಲ್ಲ ಹಾಕಿ ದೊಡ್ಡ ಹಂಡೆ ತುಂಬ ಹುಗ್ಗಿ ಮಾಡಿದಳು. “ನನ್ನ ಮನೆ ಉಳಿಸಿದವಳು ಕೆಂದಿ. ಮೊದಲನೆಯ ಎಡೆ ಅವಳಿಗೆ,” ಅಂದಳು.

ಕೆಂದಿಯ ಹಣೆಗೆ ಅರಿಶಿನ ಹಚ್ಚಿ ಹುಗ್ಗಿ ಬಡಿಸಿದಳು. ಕೆಂದಿ ನೆಕ್ಕಿ ನೋಡಿದಳು. ಇಂಥದ್ದು ಅವಳು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಅಗಿಯಬೇಕಿಲ್ಲ, ಅರೆಯಬೇಕಿಲ್ಲ, ಗಂಟಲಲ್ಲಿ ತಾನೇ ಜಾರಿ ಹೋಗುತ್ತಿತ್ತು. ಅರ್ಧಕ್ಕೆ ಬಂದಾಗ ಸಾಕು ಅಂದಳು. ಸಾಕು ಅಂದವರಿಗೆ ಇನ್ನೆರಡು ಸೌಟು ಬಡಿಸದೆ ಬಿಡುವ ಹೆಂಗಸಲ್ಲ ಮಾಳವ್ವ.

“ನನ್ನ ಮೇಲಾಣೆ, ಇನ್ನೊಂದು ಚೂರು,” ಅಂದಳು. “ಸುಗ್ಗಿ ದಿನ ಎಡೆ ಬಿಡಬಾರದು,” ಅಂದಳು. “ಕೊನೇದು, ಇದೊಂದೇ,” ಅಂದಳು. ಹಂಡೆ ಬರಿದಾಯಿತು.

ಕೆಳಗೆ ಚೂರವ್ವನ ಮನೆಗೆ ಹುಗ್ಗಿ ಬಂದು ಬಿತ್ತು. ಚೂರವ್ವ ಹತ್ತಿರ ಹೋಗಿ ಮುಟ್ಟಿ ನೋಡಿದಳು. “ಇದು ಹುಲ್ಲಲ್ಲ,” ಅಂದಳು. ಅವಳ ಮಂದಿಗೆ ಬಿಡಿಸಲು ಅದರಲ್ಲಿ ಒಂದು ಎಳೆಯೂ ಇರಲಿಲ್ಲ. ಸಿಹಿಯೆಲ್ಲ ಬಯಲಿಗೆ ಬಿದ್ದಿತ್ತು.

ಮೂಲೆಯಲ್ಲಿದ್ದ ಹುಳಿಯವರು ಎದ್ದು ಕೂತರು. ಉಂಡರು. ಒಬ್ಬರು ಇಬ್ಬರಾದರು, ಇಬ್ಬರು ನಾಲ್ವರಾದರು, ನಾಲ್ವರು ಎಂಟು. ಲೆಕ್ಕ ಇಡುವುದರೊಳಗೆ ಗೋಡೆಯಿಂದ ಗೋಡೆಯ ತನಕ ಅವರೇ ಆದರು. ಉಣ್ಣುವುದು, ಹುಳಿ ಕಾರುವುದು, ಒಡೆಯುವುದು. ಉಣ್ಣುವುದು, ಹುಳಿ ಕಾರುವುದು, ಒಡೆಯುವುದು. ಮನೆಯೆಲ್ಲ ಹುಣಿಸೆ ನೀರಿನಷ್ಟು ಹುಳಿಯಾಯಿತು. ಮೊದಲು ಕೂದಲಿನ ದೊಡ್ಡಪ್ಪಂದಿರು ಹೋದರು. ಆಮೇಲೆ ಚೂರವ್ವನ ಮಂದಿ ಒಬ್ಬೊಬ್ಬರಾಗಿ ಹುಲ್ಲಿನ ಎಸಳಿನಿಂದ ಕಳಚಿ ಬಿದ್ದರು. ಚೂರವ್ವ ಹೆಸರು ಹಿಡಿದು ಕೂಗಿದಳು. ಉತ್ತರ ಬರಲಿಲ್ಲ.

ಮೇಲೆ ಕೆಂದಿಯ ದವಡೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅವಳು ಕುಸಿದು ಮಲಗಿದಳು. ಹೊಟ್ಟೆ ಉಬ್ಬಿತ್ತು, ಕಿವಿ ತಣ್ಣಗಾಗಿತ್ತು.

“ಯಾರ ಕಣ್ಣು ಬಿತ್ತೋ ನನ್ನ ಕೆಂದಿಗೆ,” ಅಂತ ಮಾಳವ್ವ ಉಪ್ಪು ಸಾಸಿವೆ ನಿವಾಳಿಸಿದಳು. ಆ ಹುಲ್ಲುಗಾವಲಿನಲ್ಲಿ ಅವಳನ್ನು ಬಿಟ್ಟರೆ ಕಣ್ಣು ಹಾಕಲು ಇನ್ನೊಬ್ಬರು ಇರಲಿಲ್ಲ, ಆದರೂ ನಿವಾಳಿಸಿದಳು. ಸರಿಹೋಗಲಿಲ್ಲ. ತಿಂದದ್ದು ಸಾಲದೆ ನಿತ್ರಾಣವಾಗಿದೆ ಅಂದುಕೊಂಡು ಇನ್ನೊಂದು ಗಡಿಗೆ ಹುಗ್ಗಿ ಮಾಡಲು ಒಲೆ ಹಚ್ಚಿದಳು. ಅಳುತ್ತಲೇ ಹಚ್ಚಿದಳು.

ಒಳಗೆ ಚೂರವ್ವ ಗೋಡೆಯ ಒಂದು ಮಡಿಕೆಯಲ್ಲಿ, ಉಳಿದ ಇಪ್ಪತ್ತೇ ಇಪ್ಪತ್ತು ಜನರನ್ನು ತಬ್ಬಿಕೊಂಡು ಕೂತಿದ್ದಳು. ಇನ್ನೊಂದು ಗಡಿಗೆ ಬಂದರೆ ಈ ಮಡಿಕೆಗೂ ಹುಳಿ ಏರುತ್ತದೆ. ಮನೆ ಹೋಗುತ್ತದೆ, ಮನೆಯ ಜೊತೆ ಕೆಂದಿಯೂ ಹೋಗುತ್ತಾಳೆ. ಮಾಳವ್ವನಿಗೆ ಹೇಳಬೇಕು. ಹೇಳುವವರು ಯಾರು? ಕೆಂದಿಗೆ ಬಾಯಿ ತೆರೆಯಲೂ ಶಕ್ತಿಯಿಲ್ಲ.

ಆಗ ಕೆಂದಿ ಒಂದು ಹುಳಿ ತೇಗು ತೇಗಿದಳು. ಗಂಟಲಿನ ಬಾಗಿಲು ಒಂದು ಚಣ ತೆರೆಯಿತು. ಬಾಗಿಲಾಚೆ ಗಾಳಿ ನಿಂತಿದ್ದ.

ಚೂರವ್ವ ಹುಟ್ಟಿದಾಗಿನಿಂದ ಅವನಿಗೆ ಹೆದರಿ ಬದುಕಿದವಳು. ಅವತ್ತು ಬಾಗಿಲ ಕಡೆ ತಿರುಗಿ ಕೂಗಿದಳು: “ಗಾಳಿಯಪ್ಪಾ, ನನ್ನನ್ನ ಮುಟ್ಟಬೇಡ. ನನ್ನ ಮಾತು ಮಾತ್ರ ತಗೊಂಡು ಹೋಗು.”

“ನಾನು ಬಂದರೆ ಬಾಗಿಲು ಹಾಕ್ಕೊಳ್ಳೋರು ನೀವು,” ಅಂದ ಗಾಳಿ. ಸ್ವಲ್ಪ ಮುನಿಸಿತ್ತು ಅವನಿಗೆ. “ಸರಿ, ಏನು ಮಾತು?”

“ಎರಡು ಮಾತು. ಒಂದು ಮಾಳವ್ವನಿಗೆ. ಹುಗ್ಗಿ ನಿಲ್ಲಿಸು, ಕರುವಿನ ಬಾಯಲ್ಲಿರೋ ಉಂಡೆ ತೆಗೆದು ತಾಯಿ ಬಾಯಿಗೆ ಇಡು ಅಂತ. ಇನ್ನೊಂದು, ಬೊಟ್ಟಿಯ ಹೊಟ್ಟೇಲಿರೋ ಪೂರವ್ವನಿಗೆ.” ಚೂರವ್ವ ಹಟ ಬಿಟ್ಟಳು. “ಅಕ್ಕಾ, ಮನೆ ಹಾಳಾಗ್ತಿದೆ, ಬಾ. ಇಷ್ಟು ಹೇಳು. ಅಕ್ಕಾ ಅನ್ನೋದನ್ನ ಬಿಡಬೇಡ.”

ಗಾಳಿ ಮೊದಲು ಒಲೆಯ ಹತ್ತಿರ ಹೋಗಿ ಉರಿ ಆರಿಸಿದ. ಆಮೇಲೆ ಮಾಳವ್ವನ ಕಿವಿಯಲ್ಲಿ ಹೇಳಿದ. ಅವಳು ತಿರುಗಿ ನೋಡಿದರೆ, ಈಚೆಗೆ ಹುಲ್ಲು ಕಡಿಯಲು ಕಲಿತಿದ್ದ ಬೊಟ್ಟಿ ತಾಯಿಯ ಪಕ್ಕ ಕಾಲು ಮಡಚಿ ಮಲಗಿತ್ತು. ಅದರ ಪುಟ್ಟ ದವಡೆ ಆಡುತ್ತಿತ್ತು.

ಮಾಳವ್ವ ಎರಡು ಹೆಜ್ಜೆ ಹಿಂದೆ ಸರಿದಳು. “ಅಗಿದದ್ದನ್ನ ತೆಗೆದು ಇನ್ನೊಬ್ಬರ ಬಾಯಿಗೆ ಇಡೋದಾ? ಎಂಜಲು ಗಾಳಿಯಪ್ಪಾ ಅದು. ಅದೂ ಮಗಳ ಎಂಜಲು ತಾಯಿಗೆ. ನಮ್ಮಲ್ಲಿ ಹಾಗೆ ಮಾಡಲ್ಲ.”

“ನಿಮ್ಮಲ್ಲಿ ಹಾಗೆ ಮಾಡಲ್ಲ, ಸರಿ,” ಅಂದ ಗಾಳಿ. “ಕೆಂದಿ ಹೋದ ಮೇಲೆ ಆ ಮಡಿಯನ್ನ ಯಾರ ಮುಂದೆ ಮಾಡ್ತೀಯ?”

ಮಾಳವ್ವ ಕೆಂದಿಯ ಕಡೆ ನೋಡಿದಳು. ಅರಿಶಿನ ಹಚ್ಚಿದ ಹಣೆ ನೆಲಕ್ಕೆ ತಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಬೊಟ್ಟಿಯ ಬಾಯಿಗೆ ಕೈ ಹಾಕಿದಳು.

ಅಷ್ಟರಲ್ಲಿ ಗಾಳಿ ಬೊಟ್ಟಿಯ ಕಿವಿಯೊಳಗೆ ಎರಡನೆಯ ಮಾತು ಹೇಳಿದ್ದ. ಹೊಟ್ಟೆಯೊಳಗೆ ಪೂರವ್ವ ಕೇಳಿಸಿಕೊಂಡಳು. “ಯಾರು, ಅವಳಾ? ಅವಳ ಬಾಯಿಂದ ಅಕ್ಕಾ ಅಂತ ಬಂತಾ?” ಮರುಮಾತಿಗೆ ನಿಲ್ಲಲಿಲ್ಲ. ಬಂಧು ಬಳಗವನ್ನೆಲ್ಲ ಎಬ್ಬಿಸಿ, ಮೇಲೆ ಹೋಗುವ ಉಂಡೆಗೆ ಹತ್ತಿಸಿದಳು.

ಮಾಳವ್ವ ಆ ಹಸಿರು ಉಂಡೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುಚ್ಚಿದಳು. ಕರುವಿನ ಬಾಯಿಂದ ತಾಯಿಯ ಬಾಯಿಗೆ ಒಂದೇ ಮೊಳ ದೂರ. ಆ ಒಂದು ಮೊಳ ದೂರಕ್ಕೆ ಗಾಳಿ ಉಸಿರು ಹಿಡಿದ. ಬಯಲಿನಲ್ಲಿ ಒಂದು ಹುಲ್ಲಿನ ಎಸಳೂ ಅಲ್ಲಾಡಲಿಲ್ಲ. ಹಾರುತ್ತಿದ್ದ ಹತ್ತಿಯ ಎಳೆ ಹಾರುತ್ತಿದ್ದಲ್ಲೇ ನಿಂತಿತು. ಮಾಳವ್ವ ಉಂಡೆಯನ್ನು ಕೆಂದಿಯ ನಾಲಗೆಯ ಹಿಂದಕ್ಕೆ ಇಟ್ಟು, ಬಾಯಿ ಮುಚ್ಚಿ ಹಿಡಿದಳು.

ಕೆಂದಿಯ ಬಾಯಿಗೆ ಮಗಳ ಬಾಯಿಯ ರುಚಿ ಬಂತು. ದವಡೆ ಒಂದು ಸಲ ಆಡಿತು. ಇನ್ನೊಂದು ಸಲ ಆಡಿತು. ಆಡಿದಂತೆಲ್ಲ ಜೊಲ್ಲು ಸುರಿಯಿತು, ಜೊಲ್ಲು ಇಳಿದಂತೆಲ್ಲ ಒಳಗಿನ ಹುಳಿ ತೊಳೆದು ಹೋಗುತ್ತಾ ಬಂತು. ಮಾಳವ್ವ ಒಂದು ಉಂಡೆಗೆ ನಿಲ್ಲಿಸಲಿಲ್ಲ. ಬೊಟ್ಟಿಯಿಂದ ತೆಗೆದು ಕೆಂದಿಗೆ, ಬೊಟ್ಟಿಯಿಂದ ತೆಗೆದು ಕೆಂದಿಗೆ, ಕೈ ಮೊಣಕೈ ತನಕ ಹಸಿರಾಯಿತು. ನಡುನಡುವೆ ಒಣಹುಲ್ಲು ಕೊಟ್ಟಳು, ನೀರು ಕುಡಿಸಿದಳು.

ಪೂರವ್ವ ಹುಳಿಯವರನ್ನು ತಳ್ಳಿಕೊಂಡು ಗೋಡೆಯ ಮಡಿಕೆಯ ತನಕ ಬಂದಳು. ಚೂರವ್ವ ಬಾಡಿ ಬಿದ್ದಿದ್ದಳು.

“ಬಂದೆಯಾ ಅಕ್ಕಾ?” ಅಂದಳು ಚೂರವ್ವ.

ಪೂರವ್ವನಿಗೆ ಆ ಮಾತು ಕೇಳಲು ಎಷ್ಟು ದಿನದ ಆಸೆ. ಕೇಳಿದ ಮೇಲೆ ಏನೂ ಅನ್ನಿಸಲಿಲ್ಲ, ಅಳು ಮಾತ್ರ ಬಂತು. “ಅಕ್ಕನೂ ಇಲ್ಲ ತಂಗಿಯೂ ಇಲ್ಲ, ಎದ್ದೇಳು,” ಅಂದಳು. “ಎಲ್ಲಿ ಹುಲ್ಲು? ಮೊದಲು ಹುಲ್ಲು ಕೊಡು, ಆಮೇಲೆ ಮಾತಾಡು.”

ಇಬ್ಬರೂ ಒಂದೇ ಎಸಳಿಗೆ ಅಂಟಿಕೊಂಡು ಎಳೆ ಬಿಡಿಸತೊಡಗಿದರು. ಹೊಟ್ಟೆ ತುಂಬಿತು. ಇಬ್ಬರು ನಾಲ್ವರಾದರು, ನಾಲ್ವರು ಎಂಟಾದರು. ಅವರಲ್ಲಿ ಚೂರವ್ವ ಯಾರು, ಪೂರವ್ವ ಯಾರು ಅಂತ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಅವರಿಗೂ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಕೆಂದಿ ಎದ್ದು ನಿಂತು ಕಿವಿ ಕೊಡವಿದಳು. ಮಾಳವ್ವ ಅವಳ ಕತ್ತು ತಬ್ಬಿ, “ಕಾಣದವರ ಮಾತು ಕಟ್ಟಿಕೊಂಡೆ ಅಂತ ನಿನ್ನನ್ನ ಬೈದೆನಲ್ಲೇ,” ಅಂತ ಅತ್ತಳು. ಕೆಂದಿ ದವಡೆ ಆಡಿಸುತ್ತಲೇ ಇದ್ದಳು. ಬಾಯಿ ತುಂಬ ಕೆಲಸವಿತ್ತು.

ಅವತ್ತು ಹೊಟ್ಟೆಯೊಳಗಿನವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು. ಎಲ್ಲರೂ ಒಂದೇ ಮನೆಯಲ್ಲಿ ಇರಬಾರದು. ಒಂದು ಮನೆ ಮುಳುಗಿದರೆ ಇನ್ನೊಂದು ಮನೆಯಿಂದ ಕೈ ಕೊಡುವವರು ಬೇಕು. ಕೆಂದಿಗೆ ಹೇಳಿದರು. ಕೆಂದಿ ತನಗೆ ಹುಟ್ಟಿದ ಕರುಗಳನ್ನೆಲ್ಲ ನೆಕ್ಕಿದಳು, ನೆರೆಗೆ ಬಂದ ಎಮ್ಮೆಯನ್ನು ನೆಕ್ಕಿದಳು, ಕುರಿಯನ್ನು, ಮೇಕೆಯನ್ನು, ಬೇಲಿಯಾಚೆ ನಿಂತ ಜಿಂಕೆಯನ್ನೂ ಬಿಡಲಿಲ್ಲ. ಹೀಗೆ ಚೂರುಮಂದಿ ಲೋಕದ ಮೇಯುವ ಹೊಟ್ಟೆಗಳಿಗೆಲ್ಲ ಒಕ್ಕಲು ಹೋದರು. ಮಾಳವ್ವನ ಮಕ್ಕಳು ಮೊಮ್ಮಕ್ಕಳೂ ಕಲಿತರು: ಹಬ್ಬದ ದಿನ ಹಸುವಿಗೆ ಹುಗ್ಗಿ ಒಂದೇ ತುತ್ತು, ಅದೂ ಶಾಸ್ತ್ರಕ್ಕೆ. ದವಡೆ ನಿಂತ ಹಸುವಿಗೆ ಇನ್ನೊಂದು ಹಸುವಿನ ಬಾಯಿಂದ ಒಂದು ಉಂಡೆ. ಅದಕ್ಕೆ ಎಂಜಲಿಲ್ಲ.

ಆದ್ದರಿಂದ ಮಗಾ, ಹಿತ್ತಲ ನೆರಳಲ್ಲಿ ಹಸು ಕಾಲು ಮಡಚಿ ಮಲಗಿ, ಮುಂದೆ ಒಂದು ಎಸಳೂ ಇಲ್ಲದೆ, ಅರೆಗಣ್ಣು ಮುಚ್ಚಿ ದವಡೆ ಆಡಿಸುತ್ತಿರುವುದು ಕಂಡರೆ ಅದನ್ನು ಎಬ್ಬಿಸಬೇಡ. ಒಳಗೆ ಲಕ್ಷಾಂತರ ಮಂದಿ ಪಂಕ್ತಿಯಲ್ಲಿ ಕೂತಿದ್ದಾರೆ, ಅವರಿಗೆ ಇನ್ನೂ ಬಡಿಸಿ ಮುಗಿದಿಲ್ಲ.